ಮಾಜಿ ಸೈನಿಕರ ‘ನೆಲೆ’: ಈ ಪದ ನಿಲ್ಲುತ್ತದೆಯೇ?

ಎಲ್ಲರಿಗೂ ಪುಣೆಯಿಂದ ನಮಸ್ಕಾರ.

ಇಲ್ಲಿನ ನಮ್ಮ ಕನ್ನಡ ಬಳಗದ ಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಸೈನ್ಯ ಬಿಟ್ಟು ಬಂದು, ಇರಲು ಜಾಗವಿಲ್ಲದೆ ಬೀದಿಗೆ ಬಿದ್ದವರಿಗೆ ಅಲ್ಲಿನ ಸರ್ಕಾರ ಮನೆ ಹಿಡಿಯಲು ನೆರವು ಕೊಡುತ್ತದೆ. ಆ ನೆರವಿನಿಂದ ಏನಾಯಿತು ಎಂದು ಹೇಗೆ ಅಳೆದರು ಅನ್ನೋದು ವಿಷಯ. ವಿಷಯ ಅರ್ಥವಾಗಿದೆ, ಪದಗಳು ಕೈಗೆ ಸಿಗುತ್ತಿಲ್ಲ. ನಿಮ್ಮ ಸಲಹೆ ಬೇಕು.

ಮೊದಲು ‘ಹೋಮ್‌ಲೆಸ್’ಗೆ ‘ನಿರಾಶ್ರಿತರು’ ಎಂದು ಬರೆದೆ. ಬೆಂಗಳೂರಿನ ಕಡೆಯವರಿಗೆ ಅದನ್ನು ಓದಿದರೆ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ನೆನಪಾಗುತ್ತದೆ, ಅಂದರೆ ಭಿಕ್ಷುಕರು. ಉಳಿದವರಿಗೆ ಗಡಿ ದಾಟಿ ಬಂದವರು ಕಣ್ಣಮುಂದೆ ಬರುತ್ತಾರೆ. ಎರಡೂ ಇಲ್ಲಿ ಹೊಂದುವುದಿಲ್ಲ. ‘ನಿರ್ವಸತಿಕ’ ಕಡತದಲ್ಲಿ ಚೆನ್ನ, ಬಾಯಲ್ಲಿ ನಿಲ್ಲುವುದಿಲ್ಲ. ಇಲ್ಲಿ ಮರಾಠಿಯವರು ‘ಬೇಘರ್’ ಎಂದು ಸಲೀಸಾಗಿ ಹೇಳಿ ಮುಗಿಸುತ್ತಾರೆ. ನಮಗೂ ಅಷ್ಟೇ ಸಲೀಸಾದ ಒಂದು ಮಾತು ಬೇಕು ಅನ್ನಿಸಿತು.

ಹಾಗೆ ಹುಡುಕಿದಾಗ ಸಿಕ್ಕಿದ್ದು ‘ಸೂರಿಲ್ಲದವರು’. ತುಂಬಾ ಇಷ್ಟವಾಗಿತ್ತು. ನಮ್ಮ ಜನಗಣತಿಗೆ ಇದು ಸರಿಯಾಗಿ ಕೂರುತ್ತದೆ. 2011ರ ಗಣತಿಯಲ್ಲಿ ರಸ್ತೆ ಬದಿ, ಫುಟ್‌ಪಾತ್, ಮೇಲುಸೇತುವೆಯ ಕೆಳಗೆ, ದೊಡ್ಡ ಪೈಪುಗಳ ಒಳಗೆ ಮಲಗುವವರನ್ನು ಬೇರೆಯಾಗಿ ಎಣಿಸಿದರು. ಸುಮಾರು 17.7 ಲಕ್ಷ ಜನ. ಅವರಿಗೆ ನಿಜವಾಗಿಯೂ ಸೂರಿಲ್ಲ. ಆದರೆ ಅಮೆರಿಕದ ಎಣಿಕೆ ಬೇರೆ ಥರ. ಅಲ್ಲಿ ಪ್ರತಿವರ್ಷ ಜನವರಿ ಕೊನೆಯ ಒಂದು ರಾತ್ರಿ ಎಣಿಸುತ್ತಾರೆ. ಬೀದಿಯಲ್ಲಿ ಮಲಗಿದವರ ಜೊತೆಗೆ ರಾತ್ರಿ ತಂಗುದಾಣಗಳಲ್ಲಿ ಮಲಗಿದವರೂ ಲೆಕ್ಕಕ್ಕೆ ಬರುತ್ತಾರೆ. 2024ರಲ್ಲಿ ಹೀಗೆ ಸಿಕ್ಕ ಮಾಜಿ ಸೈನಿಕರು 32,882. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಂಗುದಾಣದಲ್ಲೇ ಇದ್ದರು. ಅವರ ತಲೆಯ ಮೇಲೆ ಆ ರಾತ್ರಿ ಸೂರು ಇತ್ತು, ಅಲ್ವಾ? ‘ಸೂರಿಲ್ಲದವರು’ ಎಂದರೆ ಆ ಅರ್ಧದಷ್ಟು ಜನ ನನ್ನ ವಾಕ್ಯದಿಂದಲೇ ಹೊರಗೆ ಬೀಳುತ್ತಾರೆ.

ನಮ್ಮ ಸೊಸೈಟಿಯ ಗೇಟಿನಲ್ಲಿ ವಿಜಯಪುರ ಕಡೆಯ ಒಬ್ಬ ಕಾಕಾ ಇದ್ದಾರೆ. 17 ವರ್ಷ ಸೈನ್ಯದಲ್ಲಿದ್ದು, ಈಗ ಇಲ್ಲಿ ವಾಚ್‌ಮನ್. ಅವರನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು ಹೇಳಿದರು: “ಅಕ್ಕಾರ, ಮನಿ ಇಲ್ದಾವ ಅನಬ್ಯಾಡ್ರಿ. ಎಷ್ಟೋ ಮಂದಿಗೆ ಮನಿ ಇರ್ತೈತಿ, ಒಳಗ ಕರಕೊಳ್ಳೋರು ಇರಂಗಿಲ್ಲ. ನೆಲಿ ಇಲ್ದಾವ ಅನ್ರಿ.”

ನೆಲೆ! ನೆಲೆ ನಿಲ್ಲುವುದು, ನೆಲೆಯೂರುವುದು, ನೆಲೆ ತಪ್ಪುವುದು ಎಲ್ಲ ನಾವು ದಿನಾ ಆಡುವ ಮಾತೇ. ಒಂದು ರಾತ್ರಿಯ ಸೂರು ನೆಲೆಯಲ್ಲ. ನಾಳೆಯೂ ಇಲ್ಲೇ ಇರುತ್ತೇನೆ ಎಂಬ ಧೈರ್ಯ ಇದ್ದರೆ ಅದು ನೆಲೆ. ಅಲ್ಲಿನ ಅಧ್ಯಯನಗಳು ಅಳೆದದ್ದೂ ಇದನ್ನೇ. ಮನೆಯ ಬೀಗದ ಕೈ ಕೊಟ್ಟದ್ದಷ್ಟೇ ಅಲ್ಲ, ಎಷ್ಟು ದಿನ ಆ ಮನೆಯಲ್ಲಿ ನಿಂತರು ಎಂಬುದನ್ನು ಲೆಕ್ಕ ಹಾಕಿದರು. ‘ನೆಲೆ ನಿಂತ ದಿನಗಳು’ ಎಂದರೆ ಅಳತೆಗೂ ಅದೇ ಪದ ಆಯಿತು.

ಆದರೆ ಇಲ್ಲೊಂದು ತೊಡಕಿದೆ. ‘ಮಾಜಿ ಸೈನಿಕರಿಗೆ ನೆಲೆ’ ಎಂದು ತಲೆಬರಹ ಕೊಟ್ಟು ಗೆಳತಿಗೆ ಓದಿಸಿದೆ. “ಲೋಹಗಾಂವ್ ವಾಯುನೆಲೆ ಥರಾನಾ?” ಎಂದು ಕೇಳಿದಳು. ಸೈನಿಕ, ನೆಲೆ ಈ ಎರಡು ಪದ ಪಕ್ಕಪಕ್ಕ ಬಂದರೆ ಸೇನಾನೆಲೆಯೇ ಕಾಣುತ್ತದೆ. ‘ನೆಲೆಯಿಲ್ಲದ ಮಾಜಿ ಸೈನಿಕರು’ ಎಂದು ತಿರುಗಿಸಿದರೆ ಈ ಗೊಂದಲ ಕಡಿಮೆ ಅನ್ನಿಸುತ್ತದೆ. ನಿಮಗೆ ಹೇಗೆ ಕೇಳುತ್ತದೆ?

‘ವೆಟರನ್’ಗೆ ‘ನಿವೃತ್ತ ಸೈನಿಕ’ ಬೇಡ ಎಂದು ನಿರ್ಧರಿಸಿದ್ದೇನೆ. ನಿವೃತ್ತ ಎಂದ ಕೂಡಲೇ ಪಿಂಚಣಿ ನೆನಪಾಗುತ್ತದೆ. ನಮ್ಮಲ್ಲಿ ಜವಾನರಿಗೆ 15 ವರ್ಷಕ್ಕೆ ಪಿಂಚಣಿ, ಅಮೆರಿಕದಲ್ಲಿ ಸಾಮಾನ್ಯವಾಗಿ 20 ವರ್ಷಕ್ಕೆ. ನಾಲ್ಕು ವರ್ಷಕ್ಕೆ ಹೊರಬಂದವರೂ ಅಲ್ಲಿ ವೆಟರನ್ನೇ, ಆದರೆ ಕೈಯಲ್ಲಿ ಪಿಂಚಣಿ ಇರುವುದಿಲ್ಲ. ‘ಮಾಜಿ’ ಸಾಕು. ಮರಾಠಿ, ಕನ್ನಡ ಎರಡಕ್ಕೂ ಒಗ್ಗಿದ ಪದ.

ಇನ್ನು ‘ಇವ್ಯಾಲ್ಯುಯೇಶನ್’. ನಿಘಂಟು ‘ಮೌಲ್ಯಮಾಪನ’ ಎನ್ನುತ್ತದೆ. ನನಗೆ ಅದು ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆ ತಿದ್ದುವ ಕೊಠಡಿಯ ಪದ. ಅಂಕ ಹಾಕಿ ಪಾಸು, ಫೇಲು ಎನ್ನುವುದು. ನಾನು ಬರೆಯುತ್ತಿರುವ ಅಧ್ಯಯನದಲ್ಲಿ ಆದದ್ದು ಬೇರೆ. ಮೊದಲು ಹೇಳಿದ ಅಮೆರಿಕ ಸರ್ಕಾರದ ನೆರವು ಇದೇ: ‘ಹಡ್-ವಾಶ್’ ಎಂಬ ಯೋಜನೆ, 1992ರಲ್ಲಿ ಶುರುವಾಯಿತು. ಬಾಡಿಗೆಗೆ ಮನೆ ಹಿಡಿದವರು ತಮ್ಮ ಆದಾಯದ ಸುಮಾರು ಶೇ. 30ರಷ್ಟು ಕೊಡುತ್ತಾರೆ, ಉಳಿದ ಬಾಡಿಗೆ ವೋಚರ್ ಮೂಲಕ ಮನೆ ಮಾಲೀಕರಿಗೆ ಹೋಗುತ್ತದೆ. ಜೊತೆಗೆ ನೋಡಿಕೊಳ್ಳಲು ಒಬ್ಬ ಕಾರ್ಯಕರ್ತರು ಇರುತ್ತಾರೆ. (ಹಾಗಾಗಿ ‘ವಸತಿ ಯೋಜನೆ’ ಎನ್ನಲೂ ಮನಸ್ಸಿಲ್ಲ, ನಮ್ಮವರಿಗೆ ಆಶ್ರಯ ಮನೆ ಕಟ್ಟಿಸಿಕೊಟ್ಟಂತೆ ಅನ್ನಿಸುತ್ತದೆ. ‘ಬಾಡಿಗೆ ನೆರವು’ ಸರಿ.) 2003ರಲ್ಲಿ ಬಂದ ಅಧ್ಯಯನದಲ್ಲಿ 460 ಮಾಜಿ ಸೈನಿಕರನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ವೋಚರ್ ಮತ್ತು ಕಾರ್ಯಕರ್ತರು, ಇನ್ನೊಂದಕ್ಕೆ ಕಾರ್ಯಕರ್ತರು ಮಾತ್ರ, ಮತ್ತೊಂದಕ್ಕೆ ಮಾಮೂಲಿ ಸೇವೆ. ಮೂರು ವರ್ಷ ನೋಡಿದರು. ಮೊದಲ ಗುಂಪಿನವರು ಎರಡನೆಯವರಿಗಿಂತ ಶೇ. 16, ಮೂರನೆಯವರಿಗಿಂತ ಶೇ. 25 ಹೆಚ್ಚು ದಿನ ಮನೆಯಲ್ಲಿ ನೆಲೆ ನಿಂತಿದ್ದರು. ಆದರೆ ಕುಡಿತ, ಮಾನಸಿಕ ಕಾಯಿಲೆಗಳ ವಿಷಯದಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೆ ಅಂಕ ಎಷ್ಟು ಎಂದು ಕೇಳಿದರೆ ಏನು ಹೇಳೋಣ? ಇಲ್ಲಿ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದ್ದಾರೆ. ಅಕ್ಕಸಾಲಿಗರು ಚಿನ್ನವನ್ನು ಕಲ್ಲಿಗೆ ತೀಡಿ, ಗೊತ್ತಿರುವ ಚಿನ್ನದ ಗೆರೆಯ ಜೊತೆ ಹೋಲಿಸುತ್ತಾರಲ್ಲ, ಹಾಗೆ. ಅದಕ್ಕೇ ‘ಒರೆಗೆ ಹಚ್ಚುವುದು’ ಎಂದು ಬರೆಯಲು ಮನಸ್ಸಾಗಿದೆ. ನಾಮಪದ ಬೇಕಾದಲ್ಲಿ ‘ಒರೆನೋಟ’ ಎನ್ನಬಹುದೇ? ಈ ಜೋಡಣೆ ನಾನೇ ಮಾಡಿದ್ದು, ಹಿಂದೆ ಯಾರಾದರೂ ಬಳಸಿದ್ದರೆ ದಯವಿಟ್ಟು ತಿಳಿಸಿ.

ಕೊನೆಗೆ ಆ ಕಾರ್ಯಕರ್ತರ ಹೆಸರು. ‘ಕೇಸ್ ಮ್ಯಾನೇಜರ್’ ಅನ್ನು ‘ಪ್ರಕರಣ ನಿರ್ವಾಹಕ’ ಎಂದರೆ ಪೊಲೀಸ್ ಠಾಣೆ ಕಣ್ಣಿಗೆ ಬರುತ್ತದೆ. ‘ಬೆಂಬಲಿಗ’ ರಾಜಕೀಯಕ್ಕೆ ಹೋಗುತ್ತದೆ. ಇವರು ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಾರೆ, ಮಾಲೀಕರ ಹತ್ತಿರ ಮಾತಾಡುತ್ತಾರೆ, ಕಾಗದಪತ್ರ ಮಾಡಿಸಿಕೊಡುತ್ತಾರೆ. ‘ಜೊತೆಗಾರ’ ಎಂದರೆ ಸರ್ಕಾರಿ ಸಂಬಳದ ಕೆಲಸ ಎಂಬುದು ತಪ್ಪಿಹೋಗುತ್ತದೆಯೇ? ನಿಮ್ಮ ಊರಲ್ಲಿ ಇಂಥ ಕೆಲಸ ಮಾಡುವವರನ್ನು ಜನ ಏನೆಂದು ಕರೆಯುತ್ತಾರೆ?