ಸಹಾಯ ಬೇಕು: ಪ್ಲಾಸ್ಮಾದ ರೇಡಿಯೋ ಸಿಗ್ನಲ್ಲೋ, ಲೇಸರ್‌ನದೇ ಗಲಾಟೆಯೋ?

ಎನ್‌ಡಿ-ಯಾಗ್ ಲೇಸರ್, 1064 ನ್ಯಾನೋಮೀಟರ್, 7 ನ್ಯಾನೋಸೆಕೆಂಡ್ ಪಲ್ಸ್, 10 ಹರ್ಟ್ಸ್. ಗಾಳಿಯಲ್ಲೇ ತಾಮ್ರದ ತಗಡಿನ ಮೇಲೆ ಫೋಕಸ್ ಮಾಡಿ ಪ್ಲಾಸ್ಮಾ ಎಬ್ಬಿಸಿ, ಅದರ ರೇಡಿಯೋ ಸಿಗ್ನಲ್ಲನ್ನು ಬೈಕೋನಿಕಲ್ ಆಂಟೆನಾದಲ್ಲಿ 30ರಿಂದ 300 ಮೆಗಾಹರ್ಟ್ಸ್‌ವರೆಗೆ ನೋಡ್ತಿದ್ದೀವಿ. ಸೆಕೆಂಡಿಗೆ ಹತ್ತೇ ಪಲ್ಸ್ ಇರೋದ್ರಿಂದ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಅಂತ ತೋರಿಸೋ ಉಪಕರಣ) 1001 ಪಾಯಿಂಟ್‌ಗೆ ಕನಿಷ್ಠ 100 ಸೆಕೆಂಡ್ ಸ್ವೀಪ್, ಮ್ಯಾಕ್ಸ್ ಹೋಲ್ಡ್ (ಪ್ರತಿ ಪಾಯಿಂಟ್‌ನ ಗರಿಷ್ಠ ಬೆಲೆ ಉಳಿಸಿಕೊಳ್ಳೋದು). ಬೇಗ ಓಡಿಸಿದರೆ ಪೀಕ್‌ಗಳು ತಪ್ಪಿ ಹೋಗ್ತವೆ.

ತೊಂದರೆ ಏನಂದ್ರೆ, ಕಿರಣಕ್ಕೆ ಅಡ್ಡ ಬೀಮ್ ಡಂಪ್ (ಕಿರಣವನ್ನು ಹೀರಿಕೊಳ್ಳೋ ತಡೆ) ಇಟ್ಟರೂ ಕೆಲವು ಪೀಕ್ ಉಳೀತವೆ, ಎತ್ತರ ಮಾತ್ರ ತಗ್ಗುತ್ತೆ. ಲೇಸರ್ ಒಳಗಿನ ಪಾಕೆಲ್ಸ್ ಸೆಲ್ (ವೋಲ್ಟೇಜ್‌ನಿಂದ ನಡೆಯೋ ಬೆಳಕಿನ ಸ್ವಿಚ್) ಮಾಡೋ ಕಿಲೋವೋಲ್ಟ್ ಸ್ವಿಚಿಂಗ್ ಮೇಲೇ ಅನುಮಾನ. ಲೇಸರ್ ಹೆಡ್‌ಗೆ ತಾಮ್ರದ ಜಾಲರಿ ಸುತ್ತಿದ್ದೂ ಆಯ್ತು, ಕೇಬಲ್‌ಗೆ ಫೆರೈಟ್ ಹಾಕಿದ್ದೂ ಆಯ್ತು. ಅನಲೈಸರ್‌ನ ಡೆಸಿಬೆಲ್ ರೀಡಿಂಗನ್ನು ಮಿಲಿವ್ಯಾಟ್‌ಗೆ ತಿರುಗಿಸಿ, ಡಂಪ್ ಇಟ್ಟಾಗಿನದನ್ನು ಕಳೆಯೋಣ ಅಂದ್ರೆ, ಪ್ಲಾಸ್ಮಾ ಸಿಗ್ನಲ್, ಲೇಸರ್ ಗಲಾಟೆ ಎರಡೂ ಒಂದೇ ಟ್ರಿಗರ್‌ಗೆ ಕಟ್ಟುಬಿದ್ದಿವೆ. ಫೇಸ್ ಗೊತ್ತಿಲ್ಲದ ಕಳೆಯುವಿಕೆ ನಂಬೋ ಹಾಗಿಲ್ಲ.

ಡಂಪ್‌ಗಿಂತ ಮುಂಚೆ ಫೋಟೋಡಯೋಡ್ ಇಟ್ಟು ಆಸಿಲೋಸ್ಕೋಪ್ ಟ್ರಿಗರ್ ಮಾಡಿ, ಬೀಮ್ ತಡೆದಾಗಿನ ಸರಾಸರಿ ವೇವ್‌ಫಾರ್ಮನ್ನು ಪ್ರತಿ ಶಾಟ್‌ನಿಂದ ಕಳೆದು, ಆಮೇಲೆ ಎಫ್‌ಎಫ್‌ಟಿ (ವೇವ್‌ಫಾರ್ಮನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸೋ ಲೆಕ್ಕ) ಮಾಡಿದರೆ ಸರಿಯಾಗುತ್ತಾ? 1 ನ್ಯಾನೋಸೆಕೆಂಡ್ ಜಿಟ್ಟರ್ (ಶಾಟ್‌ನಿಂದ ಶಾಟ್‌ಗೆ ಸಮಯದ ಏರುಪೇರು) ಇದ್ದರೂ 300 ಮೆಗಾಹರ್ಟ್ಸ್‌ನಲ್ಲಿ 0.3 ಸೈಕಲ್ ಜಾರುತ್ತೆ. ಹಾಗಾದ್ರೆ ಎಷ್ಟು ಜಿಟ್ಟರ್‌ವರೆಗೆ ಈ ದಾರಿ ನಡೆಯುತ್ತೆ?