ಮೆಗಾ ಮ್ಯಾನ್ 11: ಮಕ್ಕಳಿಗೆ ಗೇರ್ ಬಳಸಲು ಬಿಡಬೇಕೇ, ಹಳೆಯ ಕ್ರಮದಲ್ಲೇ ಆಡಿಸಬೇಕೇ?

ವಿರಾಜಪೇಟೆಯ ಸೋದರಮಾವ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮಳೆಗೆಂದು ಶಾಲೆಗೆ ರಜೆ ಕೊಟ್ಟಿರುವುದರಿಂದ ಅಕ್ಕನ ಮಗ ನಮ್ಮ ಮನೆಯಲ್ಲಿದ್ದಾನೆ, ಮೆಗಾ ಮ್ಯಾನ್ 11 ಎಂಬ ವಿಡಿಯೊ ಗೇಮ್ ಆಡುತ್ತಿದ್ದಾನೆ. ತೊಂಬತ್ತರ ದಶಕದಲ್ಲಿ ಟೀವಿಗೆ ಕ್ಯಾಸೆಟ್ ಹಾಕಿ ಈ ಸರಣಿಯನ್ನು ಆಡಿದವರಿಗೆ ಅದರ ಶಿಸ್ತು ಗೊತ್ತಿರುತ್ತದೆ. ಶತ್ರು ಯಾವ ಕಡೆಯಿಂದ ಬರುತ್ತಾನೆ, ಯಾವ ಕ್ಷಣದಲ್ಲಿ ಜಿಗಿಯಬೇಕು ಎಂಬುದನ್ನು ಸೋತು ಸೋತೇ ಕಲಿಯಬೇಕಾಗಿತ್ತು. 1987ರಲ್ಲಿ ಆರಂಭವಾದ ಸರಣಿಯ ಈ ಹನ್ನೊಂದನೆಯ ಆಟ 2018ರ ಅಕ್ಟೋಬರ್‌ನಲ್ಲಿ ಬಂದಾಗ ಕ್ಯಾಪ್ಕಾಮ್ ಸಂಸ್ಥೆಯವರು ಡಬಲ್ ಗೇರ್ ಎಂಬ ಹೊಸ ವ್ಯವಸ್ಥೆಯನ್ನು ಸೇರಿಸಿದ್ದಾರೆ. ಸ್ಪೀಡ್ ಗೇರ್ ಒತ್ತಿದರೆ ಸುತ್ತಲಿನದೆಲ್ಲ ನಿಧಾನವಾಗುತ್ತದೆ, ಪವರ್ ಗೇರ್ ಒತ್ತಿದರೆ ಹೊಡೆತದ ಬಲ ಹೆಚ್ಚುತ್ತದೆ.

ಹಂತಗಳ ಕೊನೆಯಲ್ಲಿ ಎದುರಾಗುವ ರೋಬೋಟ್‌ಗಳಲ್ಲಿ ಒಬ್ಬನಾದ ಬ್ಲಾಕ್ ಮ್ಯಾನ್‌ನ ಹಂತದಲ್ಲಿ ಕಾಲ ಕೆಳಗಿನ ಬೆಲ್ಟ್ ನಮ್ಮನ್ನು ಅರೆಯುವ ಯಂತ್ರದ ಕಡೆಗೆ ಎಳೆದೊಯ್ಯುವ ಜಾಗವೊಂದಿದೆ. ಹುಡುಗ ಅಲ್ಲಿಗೆ ಬಂದೊಡನೆ ಸ್ಪೀಡ್ ಗೇರ್ ಒತ್ತಿ ನಿರಾಯಾಸವಾಗಿ ದಾಟಿಬಿಡುತ್ತಾನೆ. ಆದರೆ ಕೊನೆಯಲ್ಲಿ ಬ್ಲಾಕ್ ಮ್ಯಾನ್ ತಾನೇ ಪವರ್ ಗೇರ್ ಬಳಸಿ ಕಲ್ಲಿನ ದೈತ್ಯನಾಗಿ ಎದ್ದು ನಿಂತಾಗ, ಅಷ್ಟರಲ್ಲಿ ಹುಡುಗನ ಗೇರ್ ಕಾದು ಕೈಕೊಟ್ಟಿರುತ್ತದೆ, ಅವನು ಸೋಲುತ್ತಾನೆ. ಈ ಗೇರ್ ಮಕ್ಕಳ ಕೈಯನ್ನು ಸೋಮಾರಿ ಮಾಡುತ್ತದೆಯೇ? ಮೊದಲು ಹಳೆಯ ಆಟಗಳನ್ನು ಆಡಿಸಿ, ಆಮೇಲೆ ಇದನ್ನು ಕೊಡುವುದು ಒಳ್ಳೆಯದೇ?

ಪೊನ್ನಂಪೇಟೆಯಿಂದ ಉತ್ತರ:

ಸರ್, ನಿಮ್ಮ ಪ್ರಶ್ನೆಗೆ ಉತ್ತರ ನೀವು ಬರೆದಿರುವ ಸಂಗತಿಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಗೇರ್ ಬಳಸುತ್ತಾ ಹೋದಂತೆ ಅದರ ಕಾವು ಏರುತ್ತದೆ. ಮಿತಿ ಮೀರಿದರೆ ಅದು ತಣ್ಣಗಾಗುವವರೆಗೆ ಎರಡು ಗೇರ್‌ಗಳೂ ಸಿಗುವುದಿಲ್ಲ. ಆದ್ದರಿಂದ ಅದನ್ನು ಯಾವಾಗ ಒತ್ತಬೇಕು ಎಂಬುದಕ್ಕಿಂತ ಯಾವಾಗ ಬಿಡಬೇಕು ಎಂಬುದನ್ನೇ ಆಟಗಾರನು ಮುಖ್ಯವಾಗಿ ಕಲಿಯಬೇಕಾಗುತ್ತದೆ. ಜೀವ ತೀರ ಕಡಿಮೆಯಾದಾಗ ಎರಡನ್ನೂ ಒಟ್ಟಿಗೆ ಬಳಸುವ ಅವಕಾಶವಿದೆ. ಆದರೆ ಅದು ಮುಗಿದೊಡನೆ ಆಟದ ನಾಯಕ ಮೆಗಾ ಮ್ಯಾನ್ ಹೊಡೆತವನ್ನು ಚಾರ್ಜ್ ಮಾಡಲೂ, ಅಂದರೆ ಗುಂಡಿ ಒತ್ತಿಹಿಡಿದು ಬಲ ತುಂಬಿಸಲೂ, ಆಗದಷ್ಟು ಬಳಲಿಹೋಗುತ್ತಾನೆ. ಇಷ್ಟೊಂದು ಬೆಲೆ ತೆರಬೇಕಾದ ಶಕ್ತಿ ಸೋಮಾರಿತನವನ್ನು ಕಲಿಸಲು ಸಾಧ್ಯವಿಲ್ಲ.

ಹಾಕಿಯಲ್ಲಿ ತೊಂಬತ್ತರ ದಶಕದ ಕೊನೆಗೆ ಆಫ್‌ಸೈಡ್ ನಿಯಮವನ್ನು ಕೈಬಿಟ್ಟ ಮೇಲೆ ಆಟದ ವೇಗ ಹೆಚ್ಚಿತು, ರಕ್ಷಣೆಯ ಆಟಗಾರರ ಕೆಲಸ ಇನ್ನಷ್ಟು ಕಠಿಣವಾಯಿತು. ಗೇರ್‌ನ ವಿಷಯವೂ ಅಂಥದ್ದೇ. ಆಟಗಾರನ ಕೈಗೆ ಗೇರ್ ಕೊಟ್ಟವರು ಎದುರಿನ ರೋಬೋಟ್‌ಗಳಿಗೂ ಅದನ್ನು ಕೊಟ್ಟು, ಹಂತಗಳನ್ನೂ ಅದಕ್ಕೆ ತಕ್ಕಂತೆ ಕಟ್ಟಿದ್ದಾರೆ. ಟಾರ್ಚ್ ಮ್ಯಾನ್‌ನ ಕಾಡಿನ ಹಂತದಲ್ಲಿ ಬೆಂಕಿಯ ಗೋಡೆಯೊಂದು ಬೆನ್ನಟ್ಟಿ ಬರುವಾಗ ಗೇರ್ ಇಲ್ಲದೆ ಓಡಿ ನೋಡಿ, ನಾನು ಹೇಳುತ್ತಿರುವುದು ತಿಳಿಯುತ್ತದೆ.

ಕಥೆಯಲ್ಲೂ ಇದಕ್ಕೆ ಆಧಾರವಿದೆ. ಮೆಗಾ ಮ್ಯಾನ್‌ನನ್ನು ರೂಪಿಸಿದ ವಿಜ್ಞಾನಿ ಡಾ. ಲೈಟ್ ಮತ್ತು ಅವರ ವೈರಿ ಡಾ. ವೈಲಿ ಒಂದೇ ವಿಶ್ವವಿದ್ಯಾಲಯದಲ್ಲಿದ್ದಾಗ ವೈಲಿಯ ಡಬಲ್ ಗೇರ್ ಸಂಶೋಧನೆಯನ್ನು ಬದಿಗೊತ್ತಿ, ಸ್ವತಂತ್ರವಾಗಿ ಯೋಚಿಸುವ ರೋಬೋಟ್‌ಗಳ ಬಗ್ಗೆ ಲೈಟ್ ಮಾಡಿದ ವಾದವನ್ನು ಒಪ್ಪಿಕೊಳ್ಳಲಾಗಿತ್ತು. ಇಷ್ಟು ಆಟಗಳ ನಂತರ ಇವರಿಬ್ಬರ ವೈರದ ಮೂಲವನ್ನು ತೋರಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಮಡಿಕೇರಿಯಿಂದ ಉತ್ತರ:

ಗೇರ್ ಬಗ್ಗೆ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ತಕರಾರು ಬೇರೆಯದು. ಹಳೆಯ ಆಟಗಳ ಹಂತಗಳು ಚಿಕ್ಕದಾಗಿ, ಬಿಗಿಯಾಗಿ ಇರುತ್ತಿದ್ದವು. ಇಲ್ಲಿ ಅವು ಉದ್ದವಾಗಿವೆ. ಬೌನ್ಸ್ ಮ್ಯಾನ್‌ನ ಹಂತದಲ್ಲಿ ಚೆಂಡಿನಿಂದ ಚೆಂಡಿಗೆ ಪುಟಿಯುತ್ತಾ ಹೋಗುವುದು ಮೊದಲು ಖುಷಿ ಕೊಟ್ಟರೂ ಸ್ವಲ್ಪ ಹೊತ್ತಿನ ನಂತರ ಬೇಸರ ತರಿಸುತ್ತದೆ. ಕೊನೆಯ ಲೈಫ್ ಕಳೆದುಕೊಂಡು ಹಂತದ ಆರಂಭಕ್ಕೆ ಮರಳಬೇಕಾದಾಗ ಚಿಕ್ಕ ಮಕ್ಕಳಿಗೆ ಅಳುವೇ ಬರುತ್ತದೆ. ನಮ್ಮ ಮನೆಯಲ್ಲಿ ಇದನ್ನು ಕಂಡಿದ್ದೇನೆ.

ಇನ್ನು ಹಳೆಯದನ್ನು ಮೊದಲು ಆಡಿಸುವ ವಿಚಾರ. ಮೊದಲ ಆರು ಆಟಗಳನ್ನು ಒಟ್ಟುಗೂಡಿಸಿದ ಲೆಗಸಿ ಕಲೆಕ್ಷನ್ 2015ರಲ್ಲೇ ಬಂದಿದೆ. ಆದರೆ ನೆಲದ ಮೇಲೆ ಜಾರುವುದು ಬಂದದ್ದು ಮೂರನೆಯ ಆಟದಲ್ಲಿ, ಚಾರ್ಜ್ ಹೊಡೆತ ಬಂದದ್ದು ನಾಲ್ಕನೆಯದರಲ್ಲಿ. ಹಳೆಯ ಶೈಲಿಗೇ ಮರಳಿದ 2008ರ ಒಂಬತ್ತನೆಯ ಆಟದಲ್ಲಿ ಮೆಗಾ ಮ್ಯಾನ್‌ನಿಂದ ಇವೆರಡನ್ನೂ ಕಸಿದುಕೊಂಡಿದ್ದರು, 2010ರ ಹತ್ತನೆಯದರಲ್ಲೂ ಕೊಡಲಿಲ್ಲ. ಹನ್ನೊಂದರಲ್ಲಿ ಎರಡೂ ಮರಳಿವೆ. ಅದಕ್ಕೆ ಒಗ್ಗಿದ ಹುಡುಗನಿಗೆ ಈಗ ಮೊದಲನೆಯ ಆಟವನ್ನು ಕೊಟ್ಟರೆ ಕೈ ಕಟ್ಟಿದಂತಾಗುತ್ತದೆ, ಅವನು ಕಂಟ್ರೋಲರ್ ಕೆಳಗಿಟ್ಟು ಎದ್ದು ಹೋಗುವ ಸಾಧ್ಯತೆಯೇ ಹೆಚ್ಚು.

ವಿರಾಜಪೇಟೆಯ ಸೋದರಮಾವ:

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹನ್ನೊಂದನ್ನೇ ಮುಂದುವರಿಸುತ್ತೇವೆ. ಅವನು ಈಗ ನಾರ್ಮಲ್ ಎಂಬ ಕಷ್ಟದ ಮಟ್ಟದಲ್ಲಿ ಆಡುತ್ತಿದ್ದಾನೆ. ಅದನ್ನು ಇಳಿಸಬೇಕೇ? ಬ್ಲಾಕ್ ಮ್ಯಾನ್‌ನ ನಂತರ ಯಾರ ಬಳಿಗೆ ಹೋಗುವುದು ಒಳ್ಳೆಯದು?

ಕುಶಾಲನಗರದಿಂದ ಉತ್ತರ:

ಅಣ್ಣಾ, ಇಳಿಸುವುದರಲ್ಲಿ ತಪ್ಪೇನೂ ಇಲ್ಲ. ಎಲ್ಲಕ್ಕಿಂತ ಸುಲಭವಾದ ನ್ಯೂಕಮರ್ ಮಟ್ಟದಲ್ಲಿ ಲೈಫ್‌ಗಳಿಗೆ ಲೆಕ್ಕವಿಲ್ಲ, ಹೊಂಡಕ್ಕೆ ಬಿದ್ದರೆ ಬೀಟ್ ಎಂಬ ಹಕ್ಕಿ ಎತ್ತಿ ತರುತ್ತದೆ. ಆದರೆ ನಾರ್ಮಲ್‌ನಲ್ಲೇ ಬ್ಲಾಕ್ ಮ್ಯಾನ್‌ನವರೆಗೆ ತಲುಪಿದ ಹುಡುಗನಿಗೆ ಅದು ಸಪ್ಪೆಯೆನಿಸಬಹುದು. ನಾನಾದರೆ ಇವೆರಡರ ನಡುವಿನ ಕ್ಯಾಶುವಲ್ ಕೊಡುತ್ತೇನೆ.

ಕ್ರಮದ ವಿಷಯಕ್ಕೆ ಬಂದರೆ, ಬ್ಲಾಕ್ ಮ್ಯಾನ್‌ನನ್ನು ಗೆದ್ದಾಗ ಸಿಗುವ ಬ್ಲಾಕ್ ಡ್ರಾಪರ್ ಮೇಲಿನಿಂದ ಕಲ್ಲುಗಳನ್ನು ಬೀಳಿಸುತ್ತದೆ. ಆ ಆಯುಧದ ಮುಂದೆ ಆಸಿಡ್ ಮ್ಯಾನ್ ನಿಲ್ಲಲಾರ. ಅವನಿಂದ ಸಿಕ್ಕ ಆಸಿಡ್ ಬ್ಯಾರಿಯರ್ ಇಂಪ್ಯಾಕ್ಟ್ ಮ್ಯಾನ್‌ಗೆ, ಅಲ್ಲಿಂದ ಬಂದ ಪೈಲ್ ಡ್ರೈವರ್ ಬೌನ್ಸ್ ಮ್ಯಾನ್‌ಗೆ, ಬೌನ್ಸ್ ಬಾಲ್ ಫ್ಯೂಸ್ ಮ್ಯಾನ್‌ಗೆ ತಾಗುತ್ತದೆ. ಹಾಗೆಯೇ ಮುಂದೆ ಟುಂಡ್ರಾ, ಟಾರ್ಚ್, ಬ್ಲಾಸ್ಟ್ ಎಂದು ಸುತ್ತು ಮುಗಿಯುತ್ತದೆ. ಆದರೆ ಈ ಪಟ್ಟಿಯನ್ನು ಅವನಿಗೆ ಪೂರ್ತಿ ಹೇಳಿಕೊಡಬೇಡಿ. ಯಾವ ಆಯುಧ ಯಾರಿಗೆ ಎಂದು ತಾನೇ ಊಹಿಸಿ, ಪ್ರಯತ್ನಿಸಿ, ಅದು ನಿಜವಾದಾಗ ಸಿಗುವ ಸಂತೋಷಕ್ಕಾಗಿಯೇ ನಾವೆಲ್ಲ ಈ ಸರಣಿಯನ್ನು ಹಿಡಿದುಕೊಂಡಿದ್ದೇವೆ. ಆಸಿಡ್ ಮ್ಯಾನ್‌ನ ಹೆಸರನ್ನಷ್ಟೇ ಸೂಚಿಸಿ.

ಇನ್ನೊಂದು ಮಾತು. ಶತ್ರುಗಳಿಂದ ಸಿಗುವ ಬೋಲ್ಟ್‌ಗಳನ್ನು ಲೈಫ್ ಕೊಳ್ಳಲು ಖರ್ಚು ಮಾಡದೆ ಕೂಡಿಟ್ಟು, ಲೈಟ್ ಅವರ ಪ್ರಯೋಗಾಲಯದಲ್ಲಿ ಗೇರ್ ಬೇಗನೆ ತಣ್ಣಗಾಗುವಂತೆ ಮಾಡುವ ಕೂಲಿಂಗ್ ಸಿಸ್ಟಂ ಅನ್ನು ಮೊದಲು ಕೊಳ್ಳಲು ಹೇಳಿ. ಬೆಲ್ಟ್‌ನ ಜಾಗ ದಾಟಿದ ಕೂಡಲೇ ಗೇರ್ ಬಿಡುವ ಅಭ್ಯಾಸವಾದರೆ, ಬ್ಲಾಕ್ ಮ್ಯಾನ್ ದೈತ್ಯನಾದಾಗ ಅದು ಅವನ ಕೈಯಲ್ಲಿರುತ್ತದೆ.