ಗಜನಿ ಸರಿ ಮಾಡಿದ್ಮೇಲೆ ಚಳಿಗಾಲದ ಹಕ್ಕಿಗಳು ಒಳಗೆ ಬರೂದಿಲ್ಲ, ನೀರು ಎಷ್ಟು ಇಡ್ಬೇಕು?

ಗಜನಿಯವ, ಕುಮಟಾ:
ನಮಸ್ಕಾರ ಎಲ್ರಿಗೂ. ಅಘನಾಶಿನಿ ದಂಡೆ ಮೇಲೆ ನಮ್ಮೂರ ಗಜನಿ ಇದೆ, ಅಂದ್ರೆ ಹೊಳೆಯ ಉಪ್ಪುನೀರು ಬರೋ ತಗ್ಗು ಗದ್ದೆ, ಮೊದ್ಲು ಕಗ್ಗ ಅನ್ನೋ ಉಪ್ಪು ತಡ್ಕೊಳ್ಳೋ ಭತ್ತ ಬೆಳೀತಿದ್ರು, ಆಮೇಲೆ ಸಿಗಡಿಗೆ ಅಂತ ವರ್ಷಪೂರ್ತಿ ಉಪ್ಪುನೀರು ನಿಲ್ಸಿ ಕಟ್ಟೆ ಒಡ್ದು ಪಾಳು ಬಿದ್ದಿತ್ತು. ಈಗ ಊರವ್ರು ಸೇರಿ ಕಟ್ಟೆ ಹಾಕಿ ಜಂತ್ರಡಿ (ನೀರು ಬಿಡೋ, ತಡೆಯೋ ಬಾಗಿಲು) ರಿಪೇರಿ ಮಾಡಿ ಮತ್ತೆ ಕಗ್ಗ ಬಿತ್ತಿದ್ವಿ. ಮಳೆಗಾಲದಲ್ಲಿ ಬೆಳ್ಳಕ್ಕಿ, ಹುಂಡುಕೋಳಿ ಎಲ್ಲ ಬಂದ್ವು, ಆದ್ರೆ ಚಳಿಗಾಲದಲ್ಲಿ ಹೊರದೇಶದಿಂದ ಬರೋ ಸಣ್ಣ ಗೊರವಗಳು ಹೊಳೆ ಕೆಸರಲ್ಲೇ ಇರ್ತಾವೆ, ಗಜನಿ ಒಳಗೆ ಕಾಲಿಡೂದಿಲ್ಲ. ಕೊಯ್ಲಾದ್ಮೇಲೆ ಮೀನಿಗೆ ಅಂತ ಮೊಣಕಾಲುದ್ದ ನೀರು ಇಡ್ತೇವೆ, ಅದೇ ಕಾರಣವಾ?

ಹೊಳೆದಂಡೆ:
ಹೌದು, ಅದೇ. ಸಣ್ಣ ಗೊರವ, ಪ್ಲವರ್‌ಗಳ ಕಾಲು ಗಿಡ್ಡ, ಅವು ಈಜಿಕೊಂಡು ತಿನ್ನೋವಲ್ಲ, ನಾಕೈದು ಸೆಂಟಿಮೀಟರ್‌ಗಿಂತ ಜಾಸ್ತಿ ನೀರಿದ್ರೆ ಕೆಸರಿನ ಹುಳಕ್ಕೆ ಅವ್ಕೆ ಕೊಕ್ಕು ಹಾಕೂಕಾಗೂದಿಲ್ಲ. ಬೆಳ್ಳಕ್ಕಿಗೆ ಗೇಣುದ್ದ ನೀರಿದ್ರೂ ನಡೀತದೆ, ನೀರುಕಾಗೆಗೆ ಮುಳುಗೂಕೆ ಇನ್ನೂ ಆಳ ಬೇಕು. ಅಂದ್ರೆ ನಿಮ್ಮ ಮೊಣಕಾಲುದ್ದ ನೀರು ನೀರುಕಾಗೆಗೆ ಹಬ್ಬ, ಗೊರವಕ್ಕೆ ಬಾಗಿಲು ಬಂದ್.

ಇನ್ನೊಂದು ಮುಖ್ಯ ವಿಷ್ಯ ಭರತದ್ದು, ಅಂದ್ರೆ ಸಮುದ್ರದ ನೀರು ಏರಿ ಬರೂದು. ದಿನಕ್ಕೆ ಎರಡು ಸಲ ಭರತ ಬಂದಾಗ ಹೊಳೆ ಕೆಸರು ಪೂರ್ತಿ ಮುಳುಗ್ತದೆ, ಆಗ ಈ ಹಕ್ಕಿಗಳಿಗೆ ನಿಂತ್ಕೊಳ್ಳೂಕೆ ಜಾಗ ಬೇಕು, ಎಬ್ಬಿಸಿ ಎಬ್ಬಿಸಿ ಓಡಿಸಿದ್ರೆ ತಿಂದದ್ದೆಲ್ಲ ಹಾರಾಟಕ್ಕೇ ಖರ್ಚು. ಹೊಳೆ ಮುಳುಗಿದಾಗ್ಲೂ ಜಂತ್ರಡಿ ಮುಚ್ಚಿ ಒಂದು ಮೂಲೆಲಾದ್ರೂ ತೆಳು ನೀರು, ಬೋಳು ಕಟ್ಟೆ ಉಳಿಸಿದ್ರೆ ನಿಮ್ಮ ಗಜನಿಯೇ ಅವ್ಕೆ ಆಸರೆ. ಸೆಪ್ಟೆಂಬರ್ ಅಕ್ಟೋಬರ್‌ಗೆ ಬರೂಕೆ ಶುರು ಮಾಡ್ತಾವೆ, ಮಾರ್ಚ್ ಏಪ್ರಿಲ್‌ಗೆ ಹೊರಡೋ ಮುಂಚೆ ಚೆನ್ನಾಗಿ ತಿಂದು ಕೊಬ್ಬು ಕಟ್ಕೋಬೇಕು, ನನ್ ಪ್ರಕಾರ ಆ ಕೊನೇ ತಿಂಗ್ಳುಗಳೇ ಎಲ್ಲಕ್ಕಿಂತ ಮುಖ್ಯ. ಮೀನು ಹಿಡಿಯೂಕೆ ಹೇಗೂ ನೀರು ಇಳಿಸ್ತೀರಲ್ಲ, ಒಂದೇ ಸಲ ಖಾಲಿ ಮಾಡ್ಬೇಡಿ, ಸ್ವಲ್ಪ ಸ್ವಲ್ಪ ಇಳಿಸಿ, ದಿನಾ ಹೊಸ ಕೆಸರು ತೆರ್ಕೊಳ್ತದೆ.

ಸೋಂದಾ ರಸ್ತೆ:
ಘಟ್ಟದ ಮೇಲೆ ಲೆಕ್ಕ ಉಲ್ಟಾ. ನಮ್ಮ ಸೋಂದಾ ಮುಂಡಿಗೆಕೆರೆಗೆ ಬೆಳ್ಳಕ್ಕಿಗಳು ಮಳೆ ಹಿಡಿಯೋ ಹೊತ್ತಿಗೇ ಬಂದು ನೀರ ನಡುವಿನ ಮುಂಡಿಗೆ ಪೊದೆ ಮೇಲೆ ಗೂಡು ಕಟ್ತಾವೆ, ಮರಿಗೆ ಮೀನು ಕಪ್ಪೆ ಎಲ್ಲ ಸುತ್ತಲ ಗದ್ದೆಯಿಂದ್ಲೇ. ಹೂಳೆತ್ತುವಾಗ ಜೆಸಿಬಿ ತಂದು ಪೊದೆ ಕಿತ್ತು ದಂಡೆ ಕಡಿದು ಬಾವಿ ತರ ಮಾಡ್ತಾರಲ್ಲ, ನೋಡಿದ್ರೆ ಹೊಟ್ಟೆ ಉರೀತದೆ, ನೀರು ನಿಲ್ತದೆ ನಿಜ ಆದ್ರೆ ಹಕ್ಕಿಗೆ ಕೂರೂಕೆ ಜಾಗವಿಲ್ಲ. ಒಂದು ಕಡೆ ದಂಡೆ ಇಳಿಜಾರಾಗೇ ಬಿಡ್ಬೇಕು.

ಕಾಳಿಯ ಕಡೆಯವ್ಳು, ಕಾರವಾರ:
ಒಂದು ಮಾತು ಸೇರಿಸ್ತೇನೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯ್ತಲ್ಲ, ಹಾಗಾಗಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡೋ ಉತ್ಸಾಹ ಜಾಸ್ತಿ. ಕಟ್ಟೆ ಬದಿಗೆ ನೆಟ್ರೆ ಒಳ್ಳೇದೇ, ಮಣ್ಣು ಹಿಡೀತದೆ, ಮೀನಿನ ಮರಿಗೆ ಆಸರೆ. ಆದ್ರೆ ಖಾಲಿ ಕಾಣ್ತದೆ ಅಂತ ಬಯಲು ಕೆಸರಲ್ಲಿ ದಯವಿಟ್ಟು ನೆಡ್ಬೇಡಿ, ಗೊರವಗಳ ಊಟದ ಜಾಗ ಅದೇ, ಸುತ್ತ ಬಯಲಿದ್ರೆ ಗಿಡುಗ ಬರೂದೂ ದೂರದಿಂದ್ಲೇ ಕಾಣ್ತದೆ ಅವ್ಕೆ.

ಗಜನಿಯವ, ಕುಮಟಾ:
ತುಂಬಾ ಉಪಕಾರ ಆಯ್ತು. ಮೀನು ಹರಾಜಿಗೆ ಕೊಡೂದ್ರಿಂದ ಪೂರ್ತಿ ಗಜನಿಲಿ ನೀರು ಕಮ್ಮಿ ಮಾಡಿ ಅಂದ್ರೆ ಜನ ಒಪ್ಪೂದಿಲ್ಲ, ಆದ್ರೆ ಮೂಡಬದಿ ಸ್ವಲ್ಪ ಎತ್ತರ ಇದೆ, ಅಲ್ಲಿ ಅಡ್ಡಕಟ್ಟೆ ಹಾಕಿ ತೆಳು ನೀರು ಇಡಬಹುದು. ಮುಂದಿನ ಸಭೆಲಿ ಇದನ್ನೇ ಕೇಳ್ತೇನೆ. ಮೇ ತಿಂಗಳಲ್ಲಿ ಹೇಗೂ ಒಣಗಿಸ್ಲೇಬೇಕು, ಇಲ್ದಿದ್ರೆ ಕಗ್ಗ ಬಿತ್ತೂಕಾಗೂದಿಲ್ಲ, ಅಷ್ಟೊತ್ತಿಗೆ ಅವು ಹೋಗಿರ್ತಾವಾ?

ಹೊಳೆದಂಡೆ:
ಬಹುತೇಕ ಹೋಗಿರ್ತಾವೆ. ಕೆಲವು ಎಳೇ ಹಕ್ಕಿ ಮೊದಲ ವರ್ಷ ಇಲ್ಲೇ ಉಳೀತಾವೆ, ಅವ್ಕೆ ಹೊಳೆ ಕೆಸರು ಸಾಕು. ಧೈರ್ಯವಾಗಿ ಒಣಗಿಸಿ.